ಮೊದಲ ಕ್ರೆಡಿಟ್ ಕಾರ್ಡ್: ಆರಿಸುವುದು ಹೇಗೆ, ಸ್ಕೋರ್ ಕಟ್ಟುವುದು ಹೇಗೆ

"ಸಿಬಿಲ್ ಸ್ಕೋರ್ ಇಲ್ಲ ಅಂತ ಬ್ಯಾಂಕಿನವರು ಕಾರ್ಡ್ ಕೊಡ್ತಿಲ್ಲ. ಕಾರ್ಡೋ ಸಾಲವೋ ಇಲ್ಲದೆ ಸ್ಕೋರೇ ಬರಲ್ಲವಂತೆ. ಈಗ ನಾನೇನು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗ ಹುಡುಗಿಯರು ಕೇಳುತ್ತಾರೆ, ಸ್ವಂತ ಅಂಗಡಿ ಇಟ್ಟವರು ಕೇಳುತ್ತಾರೆ, ಮನೆ ಸಾಲಕ್ಕೆ ಓಡಾಡುತ್ತಿರುವ ದಂಪತಿಯೂ ಕೇಳುತ್ತಾರೆ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅನ್ನುತ್ತಾರಲ್ಲ, ಹಾಗೆ. ಆದರೆ ಇದಕ್ಕೆ ದಾರಿ ಇದೆ, ಅದು ಕಷ್ಟದ್ದೂ ಅಲ್ಲ. ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಮೊದಲ ಕಾರ್ಡಿನ ವಿಷಯದಲ್ಲಿ ಹೆಚ್ಚಿನವರು ಆಫರ್, ಕ್ಯಾಶ್‌ಬ್ಯಾಕ್, ಏರ್‌ಪೋರ್ಟ್ ಲೌಂಜ್ ನೋಡುತ್ತಾ ಕೂರುತ್ತಾರೆ. ನನ್ನ ಮಟ್ಟಿಗೆ ಮೊದಲ ಕಾರ್ಡ್ ಇರುವುದು ಒಂದೇ ಕೆಲಸಕ್ಕೆ: ಸಾಲವನ್ನು ಹೇಳಿದ ದಿನ ಹಿಂತಿರುಗಿಸುವ ಮನುಷ್ಯ ನೀವು ಎಂಬ ದಾಖಲೆ ಹುಟ್ಟಿಸುವುದಕ್ಕೆ. ಅದಕ್ಕೆ ಎರಡು ತಾರೀಖುಗಳನ್ನು ಹಿಡಿದರೆ ಸಾಕು. ಅವು ಯಾವುವು ಎಂದು ಆರನೇ ಹಂತದಲ್ಲಿ ವಿವರವಾಗಿ ಬರೆದಿದ್ದೇನೆ. ಇಡೀ ಲೇಖನ ಓದಲು ಪುರುಸೊತ್ತಿಲ್ಲದಿದ್ದರೆ ಅದೊಂದನ್ನಾದರೂ ಓದಿ.

ಇನ್ನೊಂದು ಮಾತು. ತಿಂಗಳ ಇಪ್ಪತ್ತನೇ ತಾರೀಖಿಗೇ ಸಂಬಳ ಖಾಲಿಯಾಗಿ ಸ್ನೇಹಿತರ ಹತ್ತಿರ ಕೈಸಾಲ ಮಾಡುವ ಪರಿಸ್ಥಿತಿ ನಿಮ್ಮದಾಗಿದ್ದರೆ ಈಗಲೇ ಕಾರ್ಡ್ ಬೇಡ. ಆ ಕೊರತೆಯನ್ನು ಕಾರ್ಡ್ ತುಂಬುವುದಿಲ್ಲ, ವರ್ಷಕ್ಕೆ ಶೇ 40ರ ಆಸುಪಾಸಿನ ಬಡ್ಡಿ ಸೇರಿಸಿ ಹಿಗ್ಗಿಸುತ್ತದೆ. ಮೂರು ತಿಂಗಳ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಕೂಡಿದ ಮೇಲೆ ಈ ಲೇಖನಕ್ಕೆ ವಾಪಸು ಬನ್ನಿ.

ಹಂತ 1: ನಿಮ್ಮ ಹೆಸರಿನಲ್ಲಿ ಈಗಾಗಲೇ ಏನಿದೆ ನೋಡಿ

ಊರಿನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಸಿ ಸಾಮಾನು ತರುವುದು ಗೊತ್ತಲ್ಲ? ಯಾರು ತಿಂಗಳಾಗುತ್ತಲೇ ಕೊಡುತ್ತಾರೆ, ಯಾರು ಸತಾಯಿಸುತ್ತಾರೆ ಎಂಬುದು ಅಂಗಡಿಯವರ ಪುಸ್ತಕದಲ್ಲಿ ಇರುತ್ತದೆ. ಬ್ಯಾಂಕುಗಳಿಗೂ ಅಂಥದೊಂದು ಪುಸ್ತಕ ಇದೆ, ಅದರ ಹೆಸರು ಕ್ರೆಡಿಟ್ ವರದಿ. ಅದನ್ನು ಬರೆದಿಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಎಲ್ಲಕ್ಕಿಂತ ಹಳೆಯದು, ಅದಕ್ಕೇ ಜನ "ಸ್ಕೋರ್" ಅನ್ನುವ ಬದಲು "ಸಿಬಿಲ್" ಅಂದುಬಿಡುತ್ತಾರೆ. ಈ ವರದಿಯ ಸಾರವನ್ನು ಒಂದು ಸಂಖ್ಯೆಯಲ್ಲಿ ಹೇಳಿದರೆ ಅದೇ ಸ್ಕೋರ್. 300ರಿಂದ 900ರವರೆಗೆ ಇರುತ್ತದೆ, 750 ದಾಟಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯದೆಂದು ಎಣಿಸುತ್ತವೆ.

ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಅವರ ಅಧಿಕೃತ ವೆಬ್‌ಸೈಟಿಗೆ ಹೋಗಿ ಪ್ಯಾನ್ ಸಂಖ್ಯೆ, ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟರೆ ವರದಿ ಸಿಗುತ್ತದೆ. ದುಡ್ಡು ಕಟ್ಟುವ ಪ್ಲಾನ್‌ಗಳನ್ನು ತೋರಿಸುತ್ತಾರೆ, ಅವು ನಿಮಗೆ ಬೇಕಿಲ್ಲ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ಈ ಭಯ ಎಷ್ಟೋ ಜನರಲ್ಲಿ ಇದೆ, ಬಿಟ್ಟುಬಿಡಿ.

ವರದಿಯಲ್ಲಿ ಸ್ಕೋರ್ ಇರಬೇಕಾದ ಜಾಗದಲ್ಲಿ "ಎನ್‌ಎಚ್" ಎಂದೋ "-1" ಎಂದೋ ಇದ್ದರೆ ನಿಮಗೆ ಇನ್ನೂ ಇತಿಹಾಸವಿಲ್ಲ ಎಂದರ್ಥ. ಇದು ಕೆಟ್ಟ ಸ್ಕೋರ್ ಅಲ್ಲ, ಬರೆಯದ ಹಾಳೆ. ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿಯೂ ಇದೆ.

"ನಾನು ಸಾಲವನ್ನೇ ಮಾಡಿಲ್ಲ, ನೋಡುವುದೇನು?" ಅನ್ನಬೇಡಿ. ಎಲ್ಲೋ ಮೊಬೈಲ್ ಅಂಗಡಿಯಲ್ಲಿ ಇಎಂಐಗೆ ತೆಗೆದ ಫೋನ್, ಆ್ಯಪ್‌ನಲ್ಲಿ "ಈಗ ಕೊಳ್ಳಿ, ಆಮೇಲೆ ಕೊಡಿ" ಎಂದು ತೆಗೆದ ಪುಟ್ಟ ಸಾಲ, ಶಿಕ್ಷಣ ಸಾಲ, ಬೆಳೆ ಸಾಲ, ಚಿನ್ನದ ಸಾಲ ಎಲ್ಲವೂ ಅಲ್ಲಿ ಕಾಣಬಹುದು. ಮುಖ್ಯವಾಗಿ ಜಾಮೀನು. ಚಿಕ್ಕಪ್ಪನ ಟ್ರ್ಯಾಕ್ಟರ್ ಸಾಲಕ್ಕೋ ಗೆಳೆಯನ ಬೈಕ್ ಸಾಲಕ್ಕೋ ನೀವು ಜಾಮೀನು ಸಹಿ ಹಾಕಿದ್ದರೆ ಆ ಸಾಲ ನಿಮ್ಮ ವರದಿಯಲ್ಲೂ ಬರುತ್ತದೆ. ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ನಮ್ಮ ಕಡೆ ಜಾಮೀನನ್ನು ನಂಟಿನ ಲೆಕ್ಕದಲ್ಲಿ ಹಾಕುತ್ತೇವೆ, ಬ್ಯಾಂಕು ಅದನ್ನು ಸಾಲದ ಲೆಕ್ಕದಲ್ಲೇ ಬರೆಯುತ್ತದೆ.

ಹಂತ 2: ನಿಮಗೆ ತೆರೆದಿರುವ ಬಾಗಿಲು ಯಾವುದು?

ಸಂಬಳ ಬರುವ ಖಾತೆ ಇದ್ದವರು ಮೊದಲು ಅದೇ ಬ್ಯಾಂಕನ್ನು ಕೇಳಿ. ತಿಂಗಳು ತಿಂಗಳು ನಿಮಗೆ ಎಷ್ಟು ಬರುತ್ತದೆ, ಎಷ್ಟು ಉಳಿಯುತ್ತದೆ ಎಂಬುದು ಅವರ ಕಣ್ಣೆದುರೇ ಇರುವುದರಿಂದ ಸ್ಕೋರ್ ಇಲ್ಲದಿದ್ದರೂ ಕಾರ್ಡ್ ಕೊಡುವ ಸಾಧ್ಯತೆ ಹೆಚ್ಚು. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ವಿಭಾಗದಲ್ಲಿ "ಪ್ರೀ-ಅಪ್ರೂವ್ಡ್" ಎಂದು ಏನಾದರೂ ಇದೆಯೇ ನೋಡಿ. ಇದ್ದರೆ ಬ್ಯಾಂಕು ನಿಮ್ಮನ್ನು ಆಗಲೇ ಒಂದು ಹಂತ ಪರಿಶೀಲಿಸಿದೆ ಎಂದರ್ಥ.

ಸಂಬಳದ ಚೀಟಿ ಇಲ್ಲದವರಿಗೆ, ಅಂದರೆ ವಿದ್ಯಾರ್ಥಿಗಳು, ಗೃಹಿಣಿಯರು, ಕೃಷಿಕರು, ಸಣ್ಣ ವ್ಯಾಪಾರದವರು, ಗಿಗ್ ಕೆಲಸದವರು ಇವರಿಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುವುದು ಎಫ್‌ಡಿ ಮೇಲಿನ ಕಾರ್ಡ್. ಬ್ಯಾಂಕಿನಲ್ಲಿ ಒಂದು ಠೇವಣಿ ಇಡುತ್ತೀರಿ. ಎಷ್ಟೋ ಕಡೆ ಹತ್ತು ಹದಿನೈದು ಸಾವಿರದಿಂದಲೇ ಶುರು. ಅದರ ಮುಕ್ಕಾಲು ಪಾಲೋ ಇನ್ನೂ ಹೆಚ್ಚೋ ಮಿತಿಯ ಕಾರ್ಡ್ ಕೊಡುತ್ತಾರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಬಿಲ್ ಕಟ್ಟದಿದ್ದರೆ ಬ್ಯಾಂಕು ಠೇವಣಿಯಿಂದ ಹಿಡಿದುಕೊಳ್ಳುತ್ತದೆ, ಹಾಗಾಗಿ ಆದಾಯದ ಪುರಾವೆಗೆ ಹೆಚ್ಚು ಒತ್ತಾಯವಿರುವುದಿಲ್ಲ. ಇದನ್ನು ಕೀಳು ದರ್ಜೆಯ ಕಾರ್ಡ್ ಎಂದು ಹಲವರು ಮೂಗು ಮುರಿಯುತ್ತಾರೆ. ಅದು ತಪ್ಪು. ಅಂಗಡಿಯಲ್ಲಿ ಬೇರೆ ಕಾರ್ಡಿನಂತೆಯೇ ನಡೆಯುತ್ತದೆ, ಕ್ರೆಡಿಟ್ ವರದಿಗೂ ಬೇರೆ ಕಾರ್ಡಿನಂತೆಯೇ ಹೋಗುತ್ತದೆ. ಕೇಳಿಕೊಳ್ಳಬೇಕಾದ್ದು ಎರಡು: ಎಫ್‌ಡಿ ಎಷ್ಟು ಕಾಲ ಮುರಿಯುವಂತಿಲ್ಲ, ಮತ್ತು ಕಾರ್ಡಿನ ಮಾಹಿತಿ ನಾಲ್ಕೂ ಕ್ರೆಡಿಟ್ ಸಂಸ್ಥೆಗಳಿಗೆ ಹೋಗುತ್ತದೆಯೇ.

ಅಪ್ಪನ ಅಥವಾ ಗಂಡನ ಕಾರ್ಡಿನ ಮೇಲೆ "ಆ್ಯಡ್-ಆನ್" ಕಾರ್ಡ್ ಪಡೆಯುವುದು ಮೂರನೆಯ ದಾರಿ. ಬಳಸಲು ಅನುಕೂಲ, ಆದರೆ ಅದರ ಜವಾಬ್ದಾರಿ ಮುಖ್ಯ ಕಾರ್ಡಿನವರದು, ದಾಖಲೆಯೂ ಸಾಮಾನ್ಯವಾಗಿ ಅವರ ಹೆಸರಿಗೇ ಹೋಗುತ್ತದೆ. ನಿಮ್ಮ ಸ್ಕೋರ್ ಕಟ್ಟಲು ಅದನ್ನು ನೆಚ್ಚಿಕೊಳ್ಳಬೇಡಿ. ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಹತ್ತು ವರ್ಷ ಗಂಡನ ಆ್ಯಡ್-ಆನ್ ಕಾರ್ಡ್ ಬಳಸಿದ್ದರೂ ನಾಳೆ ನಿಮ್ಮ ಹೆಸರಿನಲ್ಲಿ ಸಾಲ ಬೇಕಾದಾಗ ನಿಮ್ಮದು ಬರೆಯದ ಹಾಳೆಯೇ ಆಗಿರಬಹುದು. ಹದಿನೈದು ಸಾವಿರದ ಒಂದು ಎಫ್‌ಡಿ ನಿಮ್ಮ ಹೆಸರಿನಲ್ಲಿ ಇರಲಿ.

ಹಂತ 3: ಯಾವ ಕಾರ್ಡ್?

ವಾರ್ಷಿಕ ಶುಲ್ಕ ಇಲ್ಲದ್ದನ್ನು ಆರಿಸಿ. "ಮೊದಲ ವರ್ಷ ಉಚಿತ" ಮತ್ತು "ಲೈಫ್‌ಟೈಮ್ ಫ್ರೀ" ಇವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಎರಡನೇ ವರ್ಷ ಸದ್ದಿಲ್ಲದೆ 500 ರೂಪಾಯಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 590 ಬರುತ್ತದೆ. "ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ" ಎಂಬುದೂ ಇದೆ. ಶುಲ್ಕ ಉಳಿಸಲು ಬೇಡದ್ದನ್ನು ಕೊಳ್ಳುವಂತೆ ಮಾಡುವ ಷರತ್ತು ಅದು, ಮೊದಲ ಕಾರ್ಡಿಗೆ ಬೇಡ. ಮೊದಲ ಕಾರ್ಡನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕು, ಅದಕ್ಕೇ ಅದು ಉಚಿತವಾಗಿರಬೇಕು.

ಅರ್ಜಿಯ ಜೊತೆ ಒಂದು ಪುಟದ ಮುಖ್ಯಾಂಶಗಳ ಪತ್ರ ಕೊಡಬೇಕೆಂದು ಆರ್‌ಬಿಐ 2022ರ ನಿರ್ದೇಶನದಲ್ಲಿ ಹೇಳಿದೆ. ಬಡ್ಡಿ ದರ, ಶುಲ್ಕಗಳು ಎಲ್ಲ ಅದರಲ್ಲಿ ಇರುತ್ತವೆ. ಏಜೆಂಟರ ಬಾಯಿಮಾತಿಗಿಂತ ಆ ಒಂದು ಪುಟ ನಂಬಿ. ಬಡ್ಡಿಯನ್ನು "ತಿಂಗಳಿಗೆ 3.5" ಎಂದು ಸಣ್ಣದಾಗಿ ಹೇಳುತ್ತಾರೆ, ನೀವು ಹನ್ನೆರಡರಿಂದ ಗುಣಿಸಿ ಓದಿಕೊಳ್ಳಿ: ವರ್ಷಕ್ಕೆ ಶೇ 42. ಇದಕ್ಕೆ ಮೇಲ್ಮಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಶೇ 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ನೆಟ್‌ವರ್ಕ್ ವಿಷಯದಲ್ಲಿ ನನ್ನ ಸಲಹೆ ರುಪೇ. ವೀಸಾ, ಮಾಸ್ಟರ್‌ಕಾರ್ಡ್ ಕೆಟ್ಟದ್ದೇನಲ್ಲ, ಆದರೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಿ ಅಂಗಡಿಯ ಕ್ಯೂಆರ್ ಕೋಡ್‌ಗೆ ಹಣ ಕೊಡಬಹುದು. ಸ್ವೈಪ್ ಮೆಷಿನ್ ಇಲ್ಲದ ದರ್ಶಿನಿ, ಔಷಧಿ ಅಂಗಡಿ, ಹಾಲಿನ ಬೂತ್‌ಗಳಲ್ಲಿ ಇದು ಉಪಯೋಗ. ವ್ಯಕ್ತಿಗಳ ಖಾತೆಗೆ ಕಳುಹಿಸಲು ಆಗುವುದಿಲ್ಲ, ವ್ಯಾಪಾರಿಗಳಿಗೆ ಮಾತ್ರ. ಆದರೆ ಎಚ್ಚರ: ಹತ್ತು ರೂಪಾಯಿ ಚಹಾಕ್ಕೂ ಕಾರ್ಡಿನಿಂದಲೇ ಹಣ ಹೋಗತೊಡಗಿದರೆ ಲೆಕ್ಕ ಕೈತಪ್ಪುತ್ತದೆ. ವಿದೇಶಕ್ಕೆ ಹೋಗಿ ಬರುವವರಾದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ.

ರಿವಾರ್ಡ್ ಪಾಯಿಂಟ್ ಹೋಲಿಸುತ್ತಾ ಸಮಯ ಕಳೆಯಬೇಡಿ. ತಿಂಗಳಿಗೆ ಐದು ಸಾವಿರ ಖರ್ಚು ಮಾಡುವವರಿಗೆ ಶೇ 1 ಕ್ಯಾಶ್‌ಬ್ಯಾಕ್ ಎಂದರೆ ಐವತ್ತು ರೂಪಾಯಿ. ಒಂದು ಸಲ ಬಿಲ್ ಕಟ್ಟಲು ತಡವಾದರೆ ಇಡೀ ವರ್ಷದ ಐವತ್ತುಗಳು ಹೋಗುತ್ತವೆ.

ಹಂತ 4: ಅರ್ಜಿ ಹಾಕುವಾಗ

ಪ್ಯಾನ್, ಆಧಾರ್, ವಿಳಾಸದ ಪುರಾವೆ, ಎರಡು ಮೂರು ತಿಂಗಳ ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಷ್ಟಿದ್ದರೆ ಸಾಕು. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಲಿ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಆಧಾರ್‌ನಲ್ಲಿ ಒಂದೇ ಅಕ್ಷರ ಇರುವುದು ನಮ್ಮ ರಾಜ್ಯದವರ ಮಾಮೂಲಿ ತೊಂದರೆ, ಹೆಸರು ಎರಡರಲ್ಲೂ ಒಂದೇ ತರಹ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಅರ್ಜಿ. ನೀವು ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕು ನಿಮ್ಮ ವರದಿ ತರಿಸಿ ನೋಡುತ್ತದೆ, ಆ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದವರು ಬ್ಯಾಂಕಿನ ಕಣ್ಣಿಗೆ ಹಣಕ್ಕಾಗಿ ಪರದಾಡುತ್ತಿರುವವರಂತೆ ಕಾಣುತ್ತಾರೆ. ಮಾಲ್‌ನಲ್ಲಿ ಮೇಜು ಹಾಕಿಕೊಂಡು "ಸುಮ್ಮನೆ ಎಲಿಜಿಬಿಲಿಟಿ ಚೆಕ್ ಮಾಡೋಣ ಸರ್" ಎಂದು ಕರೆಯುವವರಿಗೆ ಪ್ಯಾನ್ ಕೊಡಬೇಡಿ. ಅದು ಸುಮ್ಮನೆ ಮಾಡಿದ ಚೆಕ್ ಆಗಿಯೇ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ತಿಳಿಸುವುದು ಬ್ಯಾಂಕಿನ ಹೊಣೆ. ಕೇಳಿ ಪಡೆಯಿರಿ. ಮತ್ತೆ ಅರ್ಜಿಗೆ ಮೂರರಿಂದ ಆರು ತಿಂಗಳು ತಡೆಯಿರಿ, ಅಥವಾ ನೇರವಾಗಿ ಎಫ್‌ಡಿ ಕಾರ್ಡಿಗೆ ಹೋಗಿ.

ಹಂತ 5: ಕಾರ್ಡ್ ಕೈಗೆ ಬಂದ ದಿನ

ಕಾರ್ಡ್ ಕೊಟ್ಟ 30 ದಿನದೊಳಗೆ ಚಾಲೂ ಮಾಡಬೇಕು. ಮಾಡದಿದ್ದರೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳುತ್ತದೆ, ಒಪ್ಪಿಗೆ ಬರದಿದ್ದರೆ ಖಾತೆ ಮುಚ್ಚಬೇಕು. ಚಾಲೂ ಮಾಡುವ ಒಟಿಪಿಯನ್ನು ಯಾರೂ ಫೋನ್ ಮಾಡಿ ಕೇಳುವುದಿಲ್ಲ. "ಕಾರ್ಡ್ ಆ್ಯಕ್ಟಿವೇಟ್ ಮಾಡಿಕೊಡ್ತೀವಿ" ಎಂದು ಕರೆ ಬಂದರೆ ಮೋಸ ಎಂದೇ ತಿಳಿಯಿರಿ.

ಅಂದೇ ಆ್ಯಪ್ ತೆರೆದು ನಾಲ್ಕು ಕೆಲಸ ಮುಗಿಸಿ. ಪಿನ್ ಹಾಕಿ. ವಿದೇಶಿ ವ್ಯವಹಾರ ಆಫ್ ಇದೆಯೇ ನೋಡಿ, ಆನ್‌ಲೈನ್ ಬೇಕಾದರೆ ಮಾತ್ರ ಆನ್ ಮಾಡಿ. ಕಾರ್ಡ್ ತಾಗಿಸಿ ಪಿನ್ ಇಲ್ಲದೆ 5,000 ರೂಪಾಯಿವರೆಗೆ ಕೊಡಬಹುದಾದ ಸೌಲಭ್ಯ ಇರುತ್ತದೆ, ಅದರ ಮಿತಿ ಇಳಿಸಿ ಅಥವಾ ಆಫ್ ಮಾಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಆಟೊ ಡೆಬಿಟ್. ಅಂದರೆ ಬಿಲ್ ಕಟ್ಟುವ ದಿನ ನಿಮ್ಮ ಉಳಿತಾಯ ಖಾತೆಯಿಂದ ಹಣ ತಾನಾಗಿಯೇ ಹೋಗುವ ಏರ್ಪಾಡು. ಇದನ್ನು ಹಾಕುವಾಗ ಪರದೆಯ ಮೇಲೆ ಎರಡು ಆಯ್ಕೆ ಬರುತ್ತವೆ: "ಟೋಟಲ್ ಅಮೌಂಟ್ ಡ್ಯೂ" ಮತ್ತು "ಮಿನಿಮಮ್ ಅಮೌಂಟ್ ಡ್ಯೂ". ಮೊದಲನೆಯದನ್ನೇ ಒತ್ತಿ. ಎರಡನೆಯದನ್ನು ಒತ್ತಿ, ಬಿಲ್ ಪೂರ್ತಿ ಹೋಗುತ್ತಿದೆ ಎಂದು ನೆಮ್ಮದಿಯಾಗಿ ಕೂತವರಿದ್ದಾರೆ. ಒಂದೇ ಒಂದು ಗುರುತಿನ ವ್ಯತ್ಯಾಸ. ಅದರ ಬೆಲೆ ಎಷ್ಟು ಎಂದು ಈಗ ನೋಡೋಣ.

ಹಂತ 6: ಎರಡು ತಾರೀಖು, ಒಂದು ಬಿಲ್

ಮೊದಲ ತಾರೀಖು ಬಿಲ್ ತಯಾರಾಗುವ ದಿನ. ಎರಡನೆಯದು ಹಣ ಕಟ್ಟಲು ಕೊನೆಯ ದಿನ, ಅಂದರೆ ಡ್ಯೂ ಡೇಟ್. ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಬಿಲ್ ಪ್ರತಿ ತಿಂಗಳು 12ಕ್ಕೆ ತಯಾರಾಗುತ್ತದೆ, ಡ್ಯೂ ಡೇಟ್ ಅದಾಗಿ 20 ದಿನಕ್ಕೆ. ಜೂನ್ 13ರಿಂದ ಜುಲೈ 12ರವರೆಗೆ ಮಾಡಿದ ಖರ್ಚೆಲ್ಲ ಜುಲೈ 12ರ ಬಿಲ್ಲಿಗೆ ಬರುತ್ತದೆ, ಅದನ್ನು ಆಗಸ್ಟ್ 1ರೊಳಗೆ ಕಟ್ಟಬೇಕು. ಜೂನ್ 13ಕ್ಕೆ ಕೊಂಡ ವಸ್ತುವಿಗೆ 49 ದಿನ ಬಡ್ಡಿಯಿಲ್ಲದ ಅವಕಾಶ ಸಿಕ್ಕಿತು, ಜುಲೈ 12ಕ್ಕೆ ಕೊಂಡದ್ದಕ್ಕೆ 20 ದಿನ ಮಾತ್ರ. "50 ದಿನ ಬಡ್ಡಿ ಇಲ್ಲ" ಎಂಬ ಜಾಹೀರಾತಿನ ಒಳಗುಟ್ಟು ಇದೇ. ದೊಡ್ಡ ಖರೀದಿ ಇದ್ದರೆ ಬಿಲ್ ತಯಾರಾದ ಮರುದಿನ ಮಾಡಿ.

ಈಗ ಬಿಲ್ಲನ್ನೇ ನೋಡಿ. ಜೂನ್ 15ಕ್ಕೆ 20,000 ರೂಪಾಯಿಯ ಫೋನ್ ಕೊಂಡಿರಿ, ಬೇರೆ ಖರ್ಚಿಲ್ಲ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದೆ: ಒಟ್ಟು ಬಾಕಿ 20,000, ಕನಿಷ್ಠ ಬಾಕಿ 1,000. ಕನಿಷ್ಠ ಬಾಕಿ ಸಾಮಾನ್ಯವಾಗಿ ಶೇ 5ರಷ್ಟಿರುತ್ತದೆ. "ಸಾವಿರ ಕಟ್ಟಿದರೆ ಸಾಕಲ್ಲ" ಎಂದು ಆಗಸ್ಟ್ 1ಕ್ಕೆ ಅಷ್ಟನ್ನೇ ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ 3.5.

ಬಡ್ಡಿ ಆಗಸ್ಟ್ 1ರಿಂದ ಶುರುವಾಗುತ್ತದೆ ಎಂದುಕೊಂಡರೆ ಅಲ್ಲೇ ಎಡವಿದಿರಿ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದು. ಲೆಕ್ಕ ಕೊಂಡ ದಿನದಿಂದ, ಜೂನ್ 15ರಿಂದ ಹಿಡಿಯುತ್ತಾರೆ. 20,000ಕ್ಕೆ ಆಗಸ್ಟ್ 1ರವರೆಗೆ 47 ದಿನದ ಬಡ್ಡಿ ಸುಮಾರು 1,082. ಉಳಿದ 19,000ಕ್ಕೆ ಆಗಸ್ಟ್ 12ರ ಬಿಲ್‌ವರೆಗೆ 11 ದಿನದ ಬಡ್ಡಿ ಸುಮಾರು 240. ಎರಡೂ ಸೇರಿ 1,322. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 238. ಆಗಸ್ಟ್ 12ರ ಬಿಲ್ಲಿನಲ್ಲಿ ಬರುವ ಬಾಕಿ ಸುಮಾರು 20,560.

ಮತ್ತೊಮ್ಮೆ ಓದಿ. 20,000 ಬಾಕಿ ಇತ್ತು, ಸಾವಿರ ಕಟ್ಟಿದಿರಿ, ಬಾಕಿ 20,560 ಆಯಿತು. ಇದರ ಮೇಲೆ ಆಗಸ್ಟ್‌ನಲ್ಲಿ ತಂದ ಹೊಸ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ, ಹಳೆಯದು ಪೂರ್ತಿ ತೀರುವವರೆಗೂ. ಕನಿಷ್ಠ ಬಾಕಿ ಕಟ್ಟಿದರೆ ತಡಪಾವತಿ ಶುಲ್ಕ ತಪ್ಪುತ್ತದೆ, ವರದಿಯಲ್ಲಿ ಬಾಕಿದಾರ ಎಂದು ಬರುವುದು ತಪ್ಪುತ್ತದೆ, ಅಷ್ಟೇ. ಆಸ್ಪತ್ರೆಯಂಥ ತುರ್ತಿನಲ್ಲಿ ಒಂದು ತಿಂಗಳು ಹಾಗೆ ಮಾಡಬೇಕಾಗಿ ಬಂದರೆ ಮಾಡಿ, ಆದರೆ ಅದನ್ನು ತಿಂಗಳ ರೂಢಿ ಮಾಡಿಕೊಳ್ಳಬೇಡಿ.

ಡ್ಯೂ ಡೇಟ್ ದಾಟಿ ಮೂರು ದಿನದವರೆಗೆ ತಡಪಾವತಿ ಶುಲ್ಕ ಹಾಕುವಂತಿಲ್ಲ, ಕ್ರೆಡಿಟ್ ಸಂಸ್ಥೆಗೆ ಬಾಕಿ ಎಂದು ವರದಿ ಮಾಡುವಂತಿಲ್ಲ ಎಂಬ ನಿಯಮವೇನೋ ಇದೆ. ಅದನ್ನು ಬಸ್ ತಪ್ಪಿದವರಿಗೆ ಸಿಕ್ಕ ಕೊನೆಯ ಬಸ್ ಎಂದು ತಿಳಿಯಿರಿ, ದಿನಾ ಅದನ್ನೇ ಕಾಯಬೇಡಿ. ನಿಮ್ಮ ಸಂಬಳ ತಿಂಗಳ ಕೊನೆಗೆ ಬಂದು ಡ್ಯೂ ಡೇಟ್ 20ಕ್ಕೆ ಇದ್ದರೆ ಬಿಲ್ ತಾರೀಖು ಬದಲಿಸಿಕೊಡಿ ಎಂದು ಕೇಳಬಹುದು. ಬ್ಯಾಂಕು ಈ ಅವಕಾಶ ಕೊಡಲೇಬೇಕು. ಸಂಬಳ ಬಂದ ನಾಲ್ಕೈದು ದಿನಕ್ಕೆ ಡ್ಯೂ ಡೇಟ್ ಬೀಳುವಂತೆ ಹೊಂದಿಸಿಕೊಳ್ಳಿ.

ಹಂತ 7: ಮೊದಲ ಆರು ತಿಂಗಳು

ಕಾರ್ಡನ್ನು ಬಳಸದೆ ಬೀರುವಿನಲ್ಲಿಟ್ಟರೆ ಹೇಳಿಕೊಳ್ಳುವಂಥ ದಾಖಲೆ ಹುಟ್ಟುವುದಿಲ್ಲ. ಹೇಗೂ ಮಾಡುವ ಒಂದೆರಡು ಖರ್ಚನ್ನು ಮಾತ್ರ ಅದಕ್ಕೆ ವಹಿಸಿ: ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್, ತಿಂಗಳ ದಿನಸಿ. ಡೆಬಿಟ್ ಕಾರ್ಡಿನಲ್ಲೋ ಯುಪಿಐನಲ್ಲೋ ಕೊಡುತ್ತಿದ್ದ ಹಣ ಈಗ ಕಾರ್ಡಿನಿಂದ ಹೋಗಲಿ, ಹೊಸ ಖರ್ಚು ಹುಟ್ಟದಿರಲಿ.

ಮಿತಿಯ ಶೇ 30ರೊಳಗೆ ಇರಿ. 40,000 ಮಿತಿ ಇದ್ದರೆ 12,000. ಇದು ಕಾನೂನಲ್ಲ, ಅನುಭವದ ಅಳತೆ. ಮಿತಿಯ ತುದಿಯವರೆಗೆ ಬಳಸುವವರನ್ನು ಸ್ಕೋರ್ ಲೆಕ್ಕ ಅನುಮಾನದಿಂದ ನೋಡುತ್ತದೆ, ನೀವು ಪೂರ್ತಿ ಕಟ್ಟುತ್ತಿದ್ದರೂ ಸಹ, ಏಕೆಂದರೆ ಸಾಮಾನ್ಯವಾಗಿ ವರದಿಗೆ ಹೋಗುವುದು ಬಿಲ್ಲಿನಲ್ಲಿರುವ ಬಾಕಿ. ಯಾವುದೋ ತಿಂಗಳು ಹೆಚ್ಚು ಖರ್ಚಾದರೆ ಬಿಲ್ ತಯಾರಾಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ. ಎಫ್‌ಡಿ ಕಾರ್ಡಿನ ಮಿತಿ ಚಿಕ್ಕದಾದ್ದರಿಂದ ಅವರಿಗೆ ಇದು ಹೆಚ್ಚು ಬೇಕಾಗುತ್ತದೆ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಬೇಡಿ. ತೆಗೆದ ಕ್ಷಣದಿಂದ ಬಡ್ಡಿ, ಜೊತೆಗೆ ಪ್ರತ್ಯೇಕ ಶುಲ್ಕ. ಖರೀದಿಯನ್ನು ಇಎಂಐಗೆ ಬದಲಿಸಿ ಎಂದು ಬರುವ ಎಸ್‌ಎಂಎಸ್‌ಗಳನ್ನೂ ಮೊದಲ ವರ್ಷ ಅಳಿಸಿಬಿಡಿ. "ನೋ ಕಾಸ್ಟ್" ಎಂದಿದ್ದರೂ ಪ್ರೊಸೆಸಿಂಗ್ ಶುಲ್ಕ, ಜಿಎಸ್‌ಟಿ ಎಂದು ಏನಾದರೂ ಸೇರಿರುತ್ತದೆ. ಸ್ನೇಹಿತರು "ನಿನ್ನ ಕಾರ್ಡಿನಲ್ಲಿ ತೆಗೆದುಕೊಡು, ತಿಂಗಳ ಕೊನೆಗೆ ಕೊಡ್ತೀನಿ" ಎಂದಾಗ ಇಲ್ಲ ಎನ್ನುವುದು ಕಷ್ಟ, ಗೊತ್ತು. ಆದರೂ ಇಲ್ಲ ಎನ್ನಿ. ಡ್ಯೂ ಡೇಟ್ ಅವರಿಗಾಗಿ ಕಾಯುವುದಿಲ್ಲ.

ಸುಮಾರು ಆರು ತಿಂಗಳಿಗೆ ಮೊದಲ ಸ್ಕೋರ್ ಕಾಣಿಸಿಕೊಳ್ಳುತ್ತದೆ. ಪ್ರತಿ ವಾರ ನೋಡಿ ಐದು ಅಂಕ ಇಳಿಯಿತು ಎಂದು ನಿದ್ದೆಗೆಡಬೇಡಿ.

ಹಂತ 8: ವರದಿಯ ಚೌಕಗಳನ್ನು ಓದುವುದು

ಸಿಬಿಲ್ ವರದಿಯಲ್ಲಿ ಪ್ರತಿ ಖಾತೆಯ ಕೆಳಗೆ ತಿಂಗಳಿಗೊಂದರಂತೆ ಸಣ್ಣ ಚೌಕಗಳ ಸಾಲು ಇರುತ್ತದೆ, ಮೂರು ವರ್ಷದವರೆಗಿನದು. ಬಾಕಿ ಎಷ್ಟು ದಿನ ತಡವಾಯಿತು ಎಂಬುದರ ಲೆಕ್ಕ ಅದು. ಚೌಕದಲ್ಲಿ 000 ಇದ್ದರೆ ಸರಿಯಾಗಿ ಕಟ್ಟಿದ್ದೀರಿ. ಬೇರೆ ಸಂಖ್ಯೆ ಇದ್ದರೆ ಅಷ್ಟು ದಿನ ತಡ. "ಎಕ್ಸ್‌ಎಕ್ಸ್‌ಎಕ್ಸ್" ಇದ್ದರೆ ಆ ತಿಂಗಳ ಮಾಹಿತಿ ಬ್ಯಾಂಕಿನಿಂದ ಬಂದಿಲ್ಲ.

ನನ್ನದೇ ಒಂದು ಸಾಲು ನನಗೆ ಇನ್ನೂ ನೆನಪಿದೆ. ಬಳಸದೆ ಮೂಲೆಗಿಟ್ಟಿದ್ದ ಒಂದು ಕಾರ್ಡಿಗೆ ಎರಡನೇ ವರ್ಷ 590 ರೂಪಾಯಿ ಶುಲ್ಕ ಬಂದಿತ್ತು. ಬಿಲ್ ಹಳೆಯ ಇಮೇಲ್‌ಗೆ ಹೋಗುತ್ತಿತ್ತು, ನಾನು ನೋಡಲಿಲ್ಲ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನ ಅಧಿಕಾರಿ ನನ್ನ ವರದಿ ತಿರುಗಿಸಿ, 000, 000, 000 ಎಂದು ಓದುತ್ತಾ ಬಂದು ಒಂದು ಚೌಕದ ಮೇಲೆ ಬೆರಳಿಟ್ಟರು: 058. ಲಕ್ಷಗಟ್ಟಲೆ ಸಾಲ ಸರಿಯಾಗಿ ತೀರಿಸಿದ್ದರೂ ಅವರ ಬೆರಳು ನಿಂತದ್ದು ಆ 590 ರೂಪಾಯಿಯ ಮೇಲೆ. ವಿವರಣೆ ಬರೆದುಕೊಟ್ಟ ಮೇಲೆ ಫೈಲ್ ಮುಂದೆ ಹೋಯಿತು. ಅದಕ್ಕೇ ಹೇಳುವುದು, ಬಳಸದ ಕಾರ್ಡಿನ ಬಿಲ್ಲನ್ನೂ ತಿಂಗಳಿಗೊಮ್ಮೆ ತೆರೆದು ನೋಡಿ. ಮೊಬೈಲ್ ಸಂಖ್ಯೆ, ಇಮೇಲ್ ಬದಲಾದರೆ ಮೊದಲು ಬ್ಯಾಂಕಿಗೆ ತಿಳಿಸಿ.

ನೀವು ಮಾಡದ ಸಾಲ, ತೀರಿಸಿದರೂ ಬಾಕಿ ಎಂದು ತೋರಿಸುವ ಖಾತೆ ಕಂಡರೆ ಕ್ರೆಡಿಟ್ ಸಂಸ್ಥೆಯ ವೆಬ್‌ಸೈಟಿನಲ್ಲೇ ತಕರಾರು ಸಲ್ಲಿಸಿ, ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಇತ್ಯರ್ಥವಾಗಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. "ಹಣ ಕೊಡಿ, ಸ್ಕೋರ್ ಸರಿ ಮಾಡಿಸ್ತೀವಿ" ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ತಪ್ಪು ನಮೂದು ಉಚಿತವಾಗಿ ಸರಿಹೋಗುತ್ತದೆ, ನಿಜವಾದ ನಮೂದನ್ನು ಯಾರೂ ಅಳಿಸಲಾರರು.

ಹಂತ 9: ಎಡವಟ್ಟಾದರೆ

ಬಿಲ್ ಕಟ್ಟಲಾಗದ ತಿಂಗಳು ಬಂದರೆ ಫೋನ್ ಆಫ್ ಮಾಡಿ ಕೂರಬೇಡಿ, ನೀವೇ ಬ್ಯಾಂಕಿಗೆ ಕರೆ ಮಾಡಿ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿಕೊಡಲು ಕೇಳಿ (ಇಎಂಐ ಬೇಡ ಎಂದ ನಾನೇ ಇಲ್ಲಿ ಅದನ್ನು ಹೇಳುತ್ತಿದ್ದೇನೆ, ಏಕೆಂದರೆ ಶೇ 42ಕ್ಕಿಂತ ಶೇ 16 ಮೇಲು). ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ತಂದು ಕಾರ್ಡ್ ತೀರಿಸುವುದೂ ಒಳ್ಳೆಯ ಲೆಕ್ಕ. "ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಎಂಬ ಮಾತಿಗೆ ಮಾತ್ರ ದುಡುಕಬೇಡಿ. ವರದಿಯಲ್ಲಿ ಆ ಖಾತೆ "ಸೆಟಲ್ಡ್" ಎಂದು ವರ್ಷಗಟ್ಟಲೆ ಕೂರುತ್ತದೆ, ಮುಂದಿನ ಬ್ಯಾಂಕಿಗೆ ಅದರ ಅರ್ಥ ಇವರು ಪೂರ್ತಿ ಕೊಡಲಿಲ್ಲ ಎಂದು.

ನೀವು ಮಾಡದ ವ್ಯವಹಾರದ ಎಸ್‌ಎಂಎಸ್ ಬಂದರೆ ಆ ಕ್ಷಣವೇ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ನಡೆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ಆರ್‌ಬಿಐನ 2017ರ ಸುತ್ತೋಲೆ ಹೇಳುತ್ತದೆ. ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು ಎಂಬುದಷ್ಟೇ ಷರತ್ತು.

ಹಂತ 10: ಒಂದು ವರ್ಷ ಕಳೆದ ಮೇಲೆ

ಹನ್ನೆರಡು ಚೌಕಗಳಲ್ಲೂ 000 ಬಂದಿದ್ದರೆ ಬ್ಯಾಂಕು ಮಿತಿ ಹೆಚ್ಚಿಸಲೇ ಎಂದು ಕೇಳಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಹೆಚ್ಚಿಸುವಂತಿಲ್ಲ. ಖರ್ಚಿನ ಮೇಲೆ ನಿಮಗೆ ಹಿಡಿತವಿದ್ದರೆ ಒಪ್ಪಿಕೊಳ್ಳಿ, ಅದೇ ಖರ್ಚಿಗೆ ಮಿತಿ ದೊಡ್ಡದಾದರೆ ಬಳಕೆಯ ಪ್ರಮಾಣ ಇಳಿಯುತ್ತದೆ. ಎರಡನೇ ಕಾರ್ಡ್ ಬೇಕೆನಿಸಿದರೆ ಈಗ ಆಫರ್ ನೋಡಿ ಆರಿಸಬಹುದು. ಮನೆ ಸಾಲ, ವಾಹನ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಆರು ತಿಂಗಳೊಳಗೆ ಇದ್ದರೆ ಹೊಸ ಕಾರ್ಡಿನ ಆಸೆ ಮುಂದಕ್ಕೆ ಹಾಕಿ.

ಮೊದಲ ಕಾರ್ಡ್ ಉಚಿತವಾಗಿದ್ದರೆ ಮುಚ್ಚಬೇಡಿ. ನಿಮ್ಮ ದಾಖಲೆಯ ವಯಸ್ಸು ಅದರಿಂದಲೇ ಎಣಿಕೆಯಾಗುತ್ತದೆ. ಎರಡು ತಿಂಗಳಿಗೊಮ್ಮೆ ಒಂದು ರೀಚಾರ್ಜ್ ಮಾಡಿ ಜೀವಂತ ಇಡಿ. ಎಫ್‌ಡಿ ಕಾರ್ಡಿನವರು ಎರಡನೇ ಕಾರ್ಡ್ ಕೈಗೆ ಬಂದು ಕೆಲವು ತಿಂಗಳು ನಡೆದ ಮೇಲೆ ಬೇಕಿದ್ದರೆ ಠೇವಣಿ ಬಿಡಿಸಿಕೊಳ್ಳಬಹುದು. ಮುಚ್ಚುವಾಗ ಮೊದಲು ಆಟೊ ಡೆಬಿಟ್‌ನಲ್ಲಿ ಆ ಕಾರ್ಡಿಗೆ ಜೋಡಿಸಿದ ಬಿಲ್‌ಗಳನ್ನೆಲ್ಲ ಬೇರೆಡೆಗೆ ಬದಲಿಸಿ, ಉಳಿದ ಪಾಯಿಂಟ್ ಬಳಸಿ, ಪೈಸೆ ಬಿಡದೆ ಬಾಕಿ ಕಟ್ಟಿ, ಆಮೇಲೆ ಮುಚ್ಚುವ ಕೋರಿಕೆ ಕೊಡಿ. ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಮುಚ್ಚಿದ ಪತ್ರವನ್ನು ಇಮೇಲ್‌ನಲ್ಲಿ ತರಿಸಿ ಇಟ್ಟುಕೊಳ್ಳಿ, ಎರಡು ತಿಂಗಳಾದ ಮೇಲೆ ವರದಿ ತೆಗೆದು ಆ ಖಾತೆಯ ಮುಂದೆ "ಕ್ಲೋಸ್ಡ್" ಎಂದು ಬಂದಿದೆಯೇ ನೋಡಿ.